ಆಕಾಶಕ್ಕೂ ಸ್ವರ್ಗಕ್ಕೂ ಒಂದೇ ಮಾತು

ಗುಜರಾತಿನ ಮಣಿನಗರದ ನಮ್ಮ ಕಟ್ಟಡಕ್ಕೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ನೆಲಮಹಡಿಯಲ್ಲಿ ಎಂಬತ್ತು ದಾಟಿದ ಯಹೂದಿ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಗುಜರಾತಿ, ಪ್ರಾರ್ಥನೆಗೆ ಹೀಬ್ರೂ. ನನ್ನ ಗಂಡನ ವಿಮಾ ಕಚೇರಿಯ ವರ್ಗಾವಣೆಯಲ್ಲಿ ಹುಬ್ಬಳ್ಳಿ ಬಿಟ್ಟು ಬಂದ ನಮ್ಮನ್ನು ಮೊದಲು ಚಹಾಕ್ಕೆ ಕರೆದವರು ಅವರೇ. ಮೊಣಕಾಲು ಕೈಕೊಟ್ಟ ಮೇಲೆ ಅವರು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರು.

ಆ ವರ್ಷ ಉತ್ತರಾಯಣದ ಹಬ್ಬ ಶುಕ್ರವಾರ ಬಂತು. ಬೆಳಗಿನಿಂದಲೇ ಊರೆಲ್ಲ ಗಾಳಿಪಟ ಹಿಡಿದು ತಾರಸಿ ಏರಿತ್ತು. ಎಳ್ಳುಬೆಲ್ಲ ಕೊಡಲು ಹೋದರೆ ಅಜ್ಜಿ ಕಿಟಕಿಯ ಸರಳಿಗೆ ಹಣೆ ಒತ್ತಿ, ಎರಡು ಕಟ್ಟಡಗಳ ನಡುವಿನ ಗೇಣಗಲ ಆಕಾಶ ನೋಡುತ್ತಿದ್ದರು. ಬಂದು ನನ್ನ ಗಂಡನಿಗೆ ಹೇಳಿದೆ.

"ಕುರ್ಚಿ ಸಮೇತ ಎತ್ತೂಣು, ಅದರಾಗೇನೈತಿ," ಅಂದರು ಅವರು.

ಹಬ್ಬದ ಊಟಕ್ಕೆ ಬಂದಿದ್ದ, ಮಂಗಳೂರು ಕಡೆಯ ಅವರ ಕ್ರೈಸ್ತ ಸಹೋದ್ಯೋಗಿ ಕುರ್ಚಿಯ ಇನ್ನೊಂದು ಬದಿ ಹಿಡಿದರು. ನಾನು ಹಿಂದಿನಿಂದ ಕುರ್ಚಿಯ ಬೆನ್ನಿಗೆ ಕೈ ಕೊಟ್ಟೆ. ಮೂರನೇ ಮಹಡಿಯಲ್ಲಿ ಎಲ್ಲರಿಗೂ ಉಬ್ಬಸ. ಅಜ್ಜಿ ಮಾತ್ರ ಆರಾಮಾಗಿ, "ಜೀವ ಇರುವಾಗಲೇ ಸ್ವರ್ಗಕ್ಕೆ ಸಾಗಿಸುತ್ತಿದ್ದೀರಿ," ಎಂದು ಹಿಂದಿಯಲ್ಲಿ ನಕ್ಕರು.

ತಾರಸಿಗೆ ಬಂದೊಡನೆ ಅಜ್ಜಿ ಕತ್ತೆತ್ತಿ, ಪಟ ತುಂಬಿದ ಆಕಾಶದತ್ತ ಬೆರಳು ತೋರಿಸಿದರು. ಆಮೇಲೆ ಹೇಳಿದರು: "ಹೀಬ್ರೂವಿನಲ್ಲಿ ಇದಕ್ಕೂ ಸ್ವರ್ಗಕ್ಕೂ ಒಂದೇ ಮಾತು, ಶಮಾಯಿಮ್. ಅದಕ್ಕೆ ಏಕವಚನವೇ ಇಲ್ಲ."

"ಸತ್ತವರು ಅಲ್ಲಿಗೇ ಹೋಗೋದಾ?" ಎಂದು ಕೇಳಿದೆ.

"ನಮ್ಮ ಗ್ರಂಥ ಹಾಗೆ ಬಿಡಿಸಿ ಹೇಳುವುದಿಲ್ಲ. ಒಬ್ಬ ಪ್ರವಾದಿಯನ್ನು ಬಿರುಗಾಳಿ ಎತ್ತಿಕೊಂಡು ಹೋಯಿತು ಅನ್ನುತ್ತದೆ, ಅಷ್ಟೆ. ಮೇಲಿನದು ದೇವರದ್ದು, ಭೂಮಿ ನಮ್ಮದು. ಇಲ್ಲಿ ನೆಟ್ಟಗೆ ಬಾಳಿ ಎನ್ನುವುದೇ ಅದರ ಒತ್ತಾಯ."

ಸಹೋದ್ಯೋಗಿ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. "ನಾನು ಸಣ್ಣವನಿರುವಾಗ ಸ್ವರ್ಗ ಅಂದ್ರೆ ಮೋಡದ ಮೇಲಿನ ಊರು ಅಂತಲೇ ಎಣಿಸಿದ್ದೆ. ಬೈಬಲಿನ ಕೊನೆ ಓದಿದ್ರೆ ಬೇರೆಯೇ ಉಂಟು. ಜನ ಮೇಲೆ ಹೋಗುವುದಲ್ಲ, ದೇವರ ನಗರವೇ ಕೆಳಗೆ ಇಳಿದು ಬರ್ತದೆ. ಅದರ ಬಾಗಿಲು ಮುಚ್ಚುವುದೇ ಇಲ್ಲ. ಯೇಸು ಸ್ವರ್ಗದ ರಾಜ್ಯವನ್ನು ಮದುವೆ ಊಟಕ್ಕೆ ಹೋಲಿಸ್ತಾನೆ."

ನಾನು ಅಜ್ಜಿಗೆ ಅದನ್ನು ಹಿಂದಿಯಲ್ಲಿ ಹೇಳಿ, ನಮ್ಮ ಸ್ವರ್ಗದಲ್ಲಿ ಪುಣ್ಯ ತೀರಿದರೆ ಮತ್ತೆ ಇಲ್ಲಿಗೇ ಬರಬೇಕು ಎಂದು ಸೇರಿಸಿದೆ.

"ಹಾಗಾದರೆ ಅದೂ ಟ್ರಾನ್ಸ್‌ಫರ್ ಇರುವ ನೌಕರಿ," ಅಂದರು ಅಜ್ಜಿ. ನಮ್ಮ ನಗು ಪಕ್ಕದ ತಾರಸಿಗೂ ಕೇಳಿಸಿತು.

ಅಷ್ಟರಲ್ಲಿ ನನ್ನ ಗಂಡ ತಾವು ಏರಿಸಿದ್ದ ಪಟದ ದಾರವನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಗಾಜುಪುಡಿ ಸವರಿದ ದಾರ ಕೊಯ್ಯದಂತೆ ಬೆರಳಿಗೆ ಪಟ್ಟಿ ಸುತ್ತಿಸಿಕೊಂಡು ಎರಡು ಸಲ ಸಡಿಲ ಬಿಟ್ಟರು, ಒಮ್ಮೆಲೇ ಎಳೆದರು. ಎದುರು ಕಟ್ಟಡದ ಹಸಿರು ಪಟದ ದಾರ ಕಡಿದುಹೋಯಿತು. ಅಲ್ಲಿಯ ತರುಣರು ಯಾರು ಕತ್ತರಿಸಿದರೆಂದು ಇಣುಕಿ, ಕುರ್ಚಿಯಲ್ಲಿದ್ದ ಅಜ್ಜಿಯನ್ನು ಕಂಡು ಕೈಮುಗಿದರು.

ಉಂಧಿಯು ಎಂಬ ಗುಜರಾತಿ ತರಕಾರಿ ಪಲ್ಯ, ಜಿಲೇಬಿ, ನನ್ನ ಜೋಳದ ರೊಟ್ಟಿ ಎಲ್ಲ ಮೇಲಕ್ಕೇ ಬಂದವು. ಸಂಜೆ ಸೂರ್ಯ ಮುಳುಗುವ ಮೊದಲೇ ಅಜ್ಜಿ ಸಬ್ಬತ್ತಿನ ದೀಪ ಹಚ್ಚಬೇಕಿತ್ತು; ಅವರ ವಾರದ ವಿಶ್ರಾಂತಿಯ ದಿನ ಶುಕ್ರವಾರ ಸಂಜೆಯೇ ಶುರುವಾಗುತ್ತದೆ. "ಕೆಳಗೆ ಹೋಗೋಣವೇ?" ಎಂದೆ. ಅಜ್ಜಿ ಬೇಡವೆಂದು ತಲೆಯಾಡಿಸಿ ಬೀಗದ ಕೈ ಕೊಟ್ಟು, "ಬತ್ತಿಗಳನ್ನು ಇಲ್ಲಿಗೇ ತಾ," ಅಂದರು. ನೀರಿನ ಟ್ಯಾಂಕಿನ ಮರೆಯಲ್ಲಿ ಎರಡು ಮೇಣದಬತ್ತಿ ಹಚ್ಚಿ, ಕಣ್ಣಿಗೆ ಅಂಗೈ ಮುಚ್ಚಿ ಮೆಲ್ಲಗೆ ಪ್ರಾರ್ಥಿಸಿದರು. ಸಹೋದ್ಯೋಗಿ ಪಕ್ಕದಲ್ಲಿ ತಲೆಬಾಗಿಸಿ ನಿಂತರು. ನಾನು ಗಾಳಿಗೆ ಸೆರಗು ಅಡ್ಡ ಹಿಡಿದೆ.