ನೀರ ದಂಡೆಯ ಬಯಕೆಯೂಟ

ಮೊನ್ನೆ ಕ್ಯುಪರ್ಟಿನೋದ ಗ್ರೋಸರಿಯಲ್ಲಿ ಕೊತ್ತಂಬರಿ ಅಂತ ತಿಳಿದು ಸಬ್ಬಸಿಗೆಯ ಕಟ್ಟು ಎತ್ತಿಕೊಂಡೆ. ಕನ್ನಡಕ ಕಾರಿನಲ್ಲೇ ಬಿಟ್ಟಿದ್ದೆ, ನನ್ನ ಕಣ್ಣಿಗೆ ಎರಡೂ ಹಸಿರೇ. ಮೂಗಿಗೇನು ಕನ್ನಡಕ ಬೇಕೇ? ವಾಸನೆ ಬಡಿದದ್ದೇ ತಡ, ಬಾಯಲ್ಲೂ ನೀರು, ಕಣ್ಣಲ್ಲೂ ನೀರು. ಪಕ್ಕದಲ್ಲಿ ಟೊಮ್ಯಾಟೊ ಆರಿಸುತ್ತಿದ್ದ ಹೆಂಗಸು ಗಾಬರಿಯಾಗಿ ‘ಆರ್ ಯು ಓಕೆ?’ ಅಂದಳು. ಓಕೆ ಎಲ್ಲಿಂದ ಬಂತು ಮಾರಾಯ್ತಿ, ಕಾಕು ನೆನಪಾಗಿದ್ದರು...

ಕಾಕು ನನಗೆ ಬಳಗವೇನಲ್ಲ. ಎಂಬತ್ತರ ದಶಕದಲ್ಲಿ ಇಲ್ಲಿ ನಾವು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯವರು. ಧಾರವಾಡದ ಕಡೆ ಚಿಕ್ಕಪ್ಪನ ಹೆಂಡತಿಗೆ ಕಾಕು ಅನ್ನುತ್ತೇವೆ; ಆದರೆ ಸಲಿಗೆಯ ಹಿರಿಯ ಹೆಂಗಸು ಯಾರಿದ್ದರೂ ನಮಗೆ ಕಾಕುವೇ. ಮದುವೆಯಾಗದ ಒಬ್ಬನೇ ಮಗನಿಗೆ ಅಡಿಗೆ ಮಾಡಿ ಹಾಕಲು ಬಂದಿದ್ದರು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು, ಹಣೆ ಬರಿದು, ಕೈಯೂ ಬರಿದು, ಬಾಯಿ ಮಾತ್ರ ತುಂಬಿದ ಕೊಡ. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ‘ಥ್ಯಾಂಕ್ಯೂ’ ಒಂದೇ. ಖುಷಿಯಾದರೂ ಅದೇ, ಬೈಯಬೇಕಾದರೂ ಅದೇ. ಲಾಂಡ್ರಿ ಮಷೀನು ನಾಣ್ಯ ನುಂಗಿದಾಗ ಅದಕ್ಕೆ ಎರಡು ಗುದ್ದು ಕೊಟ್ಟು ‘ಥ್ಯಾಂಕ್ಯೂ’ ಅಂದದ್ದನ್ನು ನಾನೇ ಕಂಡಿದ್ದೇನೆ.

ಆಗ ನನಗೆ ಏಳನೆಯ ತಿಂಗಳು. ಹಿಂದಿನ ವರ್ಷ ಒಂದು ಕೂಸು ಐದನೆಯ ತಿಂಗಳಿಗೇ ಹೋಗಿತ್ತು. ಆ ಹೆದರಿಕೆಗೋ ಏನೋ, ಈ ಸಲ ನನಗೆ ಅನ್ನ ಕಂಡರೆ ವಾಕರಿಕೆ, ಹಾಲು ಕಂಡರೆ ವಾಕರಿಕೆ, ಕೊನೆಕೊನೆಗೆ ಬಡಿಸುವ ನಮ್ಮನೆಯವರ ಮುಖ ಕಂಡರೂ ವಾಕರಿಕೆ. ತೂಕದ ಮಷೀನಿನ ಮೇಲೆ ನಿಲ್ಲಿಸಿದ ಡಾಕ್ಟರಮ್ಮ ತುಟಿ ಬಿಗಿದು, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಸೂಜಿಯಿಂದ ಊಟ ಕೊಡಬೇಕಾಗುತ್ತದೆ ಎಂದರು. ಅವ್ವ ಬರಬೇಕಿತ್ತು, ಆಕೆಗೆ ವೀಸಾ ಸಿಗಲಿಲ್ಲ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತ ಮಲಗಿರುತ್ತಿದ್ದೆ.

ಕಾಕು ಮೇಲೆ ಬಂದವರೇ ತೀರ್ಪು ಕೊಟ್ಟರು: “ಬಯಕಿ ಊಟಾ ಮಾಡಿಸಿಲ್ಲ, ಕೂಸು ಸಿಟ್ಟಿಗೆದ್ದದ. ಮತ್ತೇನದ ಇದರಾಗ ತಿಳೀಲಾರದ್ದು!”

ನಮ್ಮ ಕಡೆ ಬಸುರಿಗೆ ಮನೆಯಲ್ಲಿ ಉಣಿಸಿದರೆ ಸಾಲದು. ತೋಟದಲ್ಲಿ ಒಂದು ಊಟ, ಬೆಳದಿಂಗಳಲ್ಲಿ ಒಂದು ಊಟ, ಹೊಳೆಯ ದಂಡೆಯಲ್ಲಿ ಒಂದು ಊಟ ಅಂತ ಕರೆದುಕೊಂಡು ಹೋಗಿ ಉಣಿಸುತ್ತಾರೆ, ಹಸಿರು ಸೀರೆ ಉಡಿಸಿ ಉಡಿ ತುಂಬುತ್ತಾರೆ. ಹರಿಯುವ ನೀರು ನೋಡುತ್ತ ಉಂಡರೆ ಹೆರಿಗೆಯೂ ನೀರಿನ ಹಾಗೆ ಸಲೀಸಾಗುತ್ತದೆ ಎಂದು ಕಾಕುವಿನ ವಾದ. ಡಾಕ್ಟರು ಹೇಳಿದ್ದು ಪ್ರೋಟೀನು, ಹೊಳೆಯ ದಂಡೆಯಲ್ಲ ಎಂದು ನಮ್ಮನೆಯವರು ನಕ್ಕರು. ಅವರಿಗೂ ಒಂದು ‘ಥ್ಯಾಂಕ್ಯೂ’ ಬಿತ್ತು.

ಜಾಗವನ್ನು ಕಾಕು ಆಗಲೇ ಹುಡುಕಿಯಾಗಿತ್ತು. ಅದಕ್ಕೂ ಹಿಂದಿನ ಭಾನುವಾರ ಮಗ ಗೋಲ್ಡನ್ ಗೇಟ್ ಸೇತುವೆ ದಾಟಿಸಿ ತಿರುಗಾಡಿಸಿಕೊಂಡು ಬಂದಿದ್ದ. ಅಲ್ಲಿ, ಕೊಲ್ಲಿಯ ನೀರು ಸಣ್ಣದಾಗಿ ಒಳಗೆ ನುಗ್ಗಿದ ಒಂದು ಮೂಲೆಯಲ್ಲಿ, ಡೆನ್ಮಾರ್ಕಿನವರ ಹಳೆಯ ಊಟದ ಮನೆಯೊಂದಿತ್ತು. ಅವರ ಭಾಷೆಯಲ್ಲಿ ಅದಕ್ಕೆ ಕ್ರೋ ಅನ್ನುತ್ತಾರಂತೆ. ಇಳಿಜಾರು ಮಾಡು, ಬಿಳಿ ಚೌಕಟ್ಟಿನ ಕಿಟಕಿಗಳು, ಕೆಂಪು ಬಾವುಟ, ನೀರಿನ ಮೇಲೇ ಚಾಚಿದ ಹಲಗೆಯ ಕಟ್ಟೆ, ಅದರ ಮೇಲೆ ಮೇಜುಗಳು. ಮಗ ಒಳಗೆ ಕಾಫಿ ಕುಡಿಯುವಷ್ಟರಲ್ಲಿ ಕಾಕು ಹೊರಗೆ ಕೂತು ಇಡೀ ಮನೆತನದ ಜಾತಕ ಬರೆದುಕೊಂಡಿದ್ದರು. ಕ್ರೋದ ಯಜಮಾನಿಗೆ ಅರುವತ್ತರ ಮೇಲಿನ ವಯಸ್ಸು, ಸುತ್ತ ಮೊಮ್ಮಕ್ಕಳು ಓಡಾಡುತ್ತಿದ್ದರು. ಅಡಿಗೆಮನೆಯಲ್ಲಿ ಒಬ್ಬ ಆನೆಯಂಥ ಗಂಡಸಿನ ಜೊತೆ ಆಕೆ ದನಿಯೆತ್ತಿ ಜಗಳಾಡುತ್ತಿದ್ದಳು.

“ಹಂಗ ಬೈದಾಡವ್ರು ಗಂಡಾ-ಹೆಂಡ್ತಿನ ಇರಬೇಕು. ಮತ್ತ ಆಕಿ ಬಳ್ಳಾಗ ಒಂದಲ್ಲ, ಎರಡು ಬಂಗಾರದ ಉಂಗುರ! ದೊಡ್ಡ ಮುತ್ತೈದಿ ನೋಡವಾ.”

ಈ ತನಿಖೆ ಯಾಕೆಂದರೆ, ಉಡಿ ತುಂಬಲು ಗಂಡನಿರುವ, ಮಕ್ಕಳಿರುವ ಹೆಂಗಸು ಬೇಕು. ಕಾಕು ಎಲ್ಲವನ್ನೂ ಹೊಂದಿಸುವವರು, ಆದರೆ ತಾವು ವಿಧವೆಯೆಂದು ನನ್ನ ಉಡಿಗೆ ಒಂದು ಕಾಳು ಅಕ್ಕಿ ಹಾಕಲೂ ಒಲ್ಲರು. ಇಲ್ಲಿ ಗುರುತಿದ್ದ ನಮ್ಮವರು ಆಗ ಬೆರಳೆಣಿಕೆ. ಅವರಲ್ಲಿ ಒಬ್ಬಾಕೆಗೆ ಮಕ್ಕಳಿರಲಿಲ್ಲ, ಇನ್ನೊಬ್ಬಾಕೆಯ ಕಣ್ಣು ಕಾಕುವಿಗೆ ಸೇರುತ್ತಿರಲಿಲ್ಲ. ನೀವೇ ತುಂಬ್ರಿ ಕಾಕು, ನನಗ್ಯಾವ ಶಾಸ್ತ್ರಾನೂ ಬ್ಯಾಡ ಎಂದೆ. ಸದಾ ಗದರುವ ಹೆಂಗಸು ಅವತ್ತು ಬಹಳ ಮೆತ್ತಗೆ, “ಒಂದು ಹೋಗೇದ ತಂಗಿ. ಇದರ ಮ್ಯಾಲ ನನ್ನ ಕೈ ಬ್ಯಾಡ” ಅಂದರು. ಆಮೇಲೆ ನಾನು ಒತ್ತಾಯ ಮಾಡಲಿಲ್ಲ.

ಶನಿವಾರ ಹೊರಟೆವು. ನನ್ನ ಮೈಮೇಲೆ ಹಸಿರು ಇಳಕಲ್ ಸೀರೆ, ಕಾಕುವಿನ ತೊಡೆಯ ಮೇಲೆ ಡಬ್ಬಿಗಳ ಗುಡ್ಡ. ನಮ್ಮನೆಯವರು ಮೊದಲೇ ಫೋನು ಮಾಡಿ, ಹಿರಿಯರೊಬ್ಬರು ಮನೆಯಿಂದ ಅಡಿಗೆ ತರುತ್ತಾರೆ, ಬಸುರಿಗೆ ಒಂದು ಹರಕೆಯ ಹಾಗಿನ ಊಟ ಎಂದು ಏನೋ ಹೇಳಿ ಒಪ್ಪಿಸಿದ್ದರು. ಯಜಮಾನಿ ನೀರಿಗೆ ತೀರ ಹತ್ತಿರದ ಮೇಜನ್ನು ಬಿಡಿಸಿ, ಬಿಳಿ ಬಟ್ಟೆ ಹಾಸಿ ಇಟ್ಟಿದ್ದಳು. ಕಾಕು ಡಬ್ಬಿ ಬಿಚ್ಚಿದರು. ಹೋಳಿಗೆ, ಚಿತ್ರಾನ್ನ, ಬದನೆಕಾಯಿ ಎಣಗಾಯಿ, ಕರಿಗಡಬು... ನಾನು ಒಂದು ತುತ್ತು ಎತ್ತಿದೆ, ಕೆಳಗಿಟ್ಟೆ. ಕಾಕುವಿನ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಯಜಮಾನಿ ತಾನಾಗಿಯೇ ಒಂದು ಬೋಗುಣಿ ತಂದಿಟ್ಟಳು. ಬೇಯಿಸಿದ ಪುಟ್ಟ ಪುಟ್ಟ ಹೊಸ ಆಲೂಗಡ್ಡೆ, ಮೇಲೆ ಕರಗುವ ಬೆಣ್ಣೆ, ಅದರ ಮೇಲೆ ಕೈತುಂಬ ಹೆಚ್ಚಿದ ಸಬ್ಬಸಿಗೆ. ಅಯ್ಯೋ ಆ ವಾಸನೆ! ನಮ್ಮ ಅವ್ವನ ಅಡಿಗೆಮನೆಯೇ ಎದ್ದು ಬಂದು ಎದುರಿಗೆ ಕೂತ ಹಾಗಾಯಿತು. ಒಂದು ತಿಂದೆ, ಇನ್ನೊಂದು ತಿಂದೆ, ಬೋಗುಣಿ ಬರಿದಾಯಿತು. ಇನ್ನೊಂದು ಬೋಗುಣಿ ಬಂತು, ಜೊತೆಗೆ ನಿಂಬೆಯ ಪರಿಮಳದ ಸಿಹಿ ಮಜ್ಜಿಗೆ. ಎಷ್ಟೋ ತಿಂಗಳ ಮೇಲೆ ನಾನು ಹೊಟ್ಟೆತುಂಬ ಉಂಡೆ. ಕಾಕು ಪಕ್ಕದ ಮೇಜಿನ ಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿದುಕೊಂಡೇ ಆನಂದಬಾಷ್ಪ ಸುರಿಸುತ್ತ, “ರಾತ್ರಿಯೆಲ್ಲಾ ನಿಂತು ಮಾಡಿದ ನನ್ನ ಹೋಳಿಗಿ ಬ್ಯಾಡಾತು, ಈಕಿ ಆಲೂಗಡ್ಡಿ ಬೇಕಾತು. ಇರಲಿ, ಉಣ್ಣು” ಅಂದರು. ಹೊಟ್ಟೆಕಿಚ್ಚು ಇಲ್ಲದಿರಲಿಲ್ಲ.

ಇನ್ನು ಉಡಿ. ಕಾಕು ಸಾಮಾನೆಲ್ಲ ತಟ್ಟೆಯಲ್ಲಿ ಜೋಡಿಸಿಟ್ಟು, ತಾವು ದೂರ ಹೋಗಿ ಕಟ್ಟೆಯ ಕಂಬಿ ಹಿಡಿದು, ನಮಗೆ ಬೆನ್ನು ಮಾಡಿ ನೀರು ನೋಡುತ್ತ ನಿಂತರು. ಅಲ್ಲಿಂದಲೇ ಅಪ್ಪಣೆ ಬರುತ್ತಿತ್ತು. ಮೊದಲು ಕುಂಕುಮ ಹಚ್ಚಲಿ. ಎರಡೂ ಕೈಲೆ ಅಕ್ಕಿ ಹಾಕಲಿ. ಆಮೇಲೆ ಕುಪ್ಪಸದ ಖಣ, ತೆಂಗಿನಕಾಯಿ. ನಾನು ಸೆರಗು ಒಡ್ಡಿ ಕೂತೆ, ನಮ್ಮನೆಯವರು ಇಂಗ್ಲಿಷಿಗೆ ತರ್ಜುಮೆ ಮಾಡಿದರು. ಯಜಮಾನಿ ಏಪ್ರನ್ನಿಗೆ ಕೈ ಒರೆಸಿಕೊಂಡು, ಚರ್ಚಿನಲ್ಲಿ ನಿಂತಷ್ಟು ಗಂಭೀರವಾಗಿ ಒಂದೊಂದನ್ನೇ ತುಂಬಿದಳು.

ಎಲ್ಲ ಮುಗಿದು ಕಾಕು ನಗುತ್ತ ಹತ್ತಿರ ಬಂದಾಗ, ಮಾತಿಗೆ ಅಂತ ನಾನು ಆಕೆಯ ಎರಡು ಉಂಗುರ ಬಹಳ ಚಂದ ಅಂದೆ. ಆಕೆ ಕೈ ಮುಂದೆ ಹಿಡಿದು ಒಂದನ್ನು ಮುಟ್ಟಿ, ಇದು ನನ್ನದು ಎಂದಳು. ಇನ್ನೊಂದನ್ನು ಮುಟ್ಟಿ, ಇದು ನನ್ನ ಗಂಡನದು, ಅವನು ತೀರಿಕೊಂಡ ಮೇಲೆ ನಾನೇ ಹಾಕಿಕೊಂಡೆ, ನಮ್ಮಲ್ಲಿ ಹಾಗೆ ಎಂದಳು. ಅವನು ಮಣ್ಣಾದನೆಂದು ಬೆರಳು ನೆಲದ ಕಡೆ ತೋರಿಸಿತು. ಒಳಗಿನ ಆನೆ ಆಕೆಯ ತಮ್ಮನಂತೆ.

ನಾವಿಬ್ಬರೂ ಅದನ್ನು ತರ್ಜುಮೆ ಮಾಡಲಿಲ್ಲ. ಆದರೆ ಆ ಬೆರಳಿನ ಭಾಷೆ ಕಾಕುವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದೊಪ್ಪನೆ ಕುರ್ಚಿಯಲ್ಲಿ ಕುಸಿದರು. “ನಾನ ಹುಡುಕಿ ತಂದು ನಿನ್ನ ಕೂಸಿಗೆ ಕೇಡು ಮಾಡಿದ್ನಲ್ಲೇ...” ಎಂದು ಹಣೆ ಬಡಿದುಕೊಂಡು ಅಳತೊಡಗಿದರು. ಯಜಮಾನಿ ಕಂಗಾಲಾಗಿ ಏನೆಂದು ಕೇಳಿದಳು. ನಮ್ಮನೆಯವರು ತಡವರಿಸುತ್ತ ಹೇಳಿದರು: ನಮ್ಮಲ್ಲಿ ಗಂಡ ಹೋದವರು ಇದನ್ನು ಮಾಡುವುದಿಲ್ಲ. ಪಾಪ, ಆಕೆಯ ಮುಖ ಕೆಂಪಾಯಿತು. ಹಾಗಾದರೆ ನಾನು ವಾಪಸು ತೆಗೆದುಕೊಳ್ಳಲೇ, ಎಂದು ಕೇಳಿ ನಿಜವಾಗಿಯೂ ಬಗ್ಗಿ ನನ್ನ ಸೆರಗಿನಿಂದ ತೆಂಗಿನಕಾಯಿ ಎತ್ತಿಕೊಂಡಳು!

“ಬ್ಯಾಡss!” ಕಾಕು ಚೀರಿದ್ದಕ್ಕೆ ಪಕ್ಕದ ಮೇಜಿನವರ ಚಮಚ ಬಿತ್ತು. “ತುಂಬಿದ ಉಡಿ ಬರಿದು ಮಾಡಬಾರದss!” ಹಾರಿ ಬಂದವರೇ ಆಕೆಯ ಕೈಯಿಂದ ತೆಂಗಿನಕಾಯಿ ಕಸಿದು ನನ್ನ ಉಡಿಗೆ ಹಾಕಿದರು. ಚೆಲ್ಲಿದ ಅಕ್ಕಿಯನ್ನು ಹಲಗೆಯ ಮೇಲಿಂದ ಎರಡೂ ಕೈಯಲ್ಲಿ ಬಳಿದು ಅದನ್ನೂ ಹಾಕಿದರು, ಖಣ ಸರಿಮಾಡಿದರು, ಸೆರಗು ಮುಚ್ಚಿ ಗಂಟು ಹಾಕಿದರು. ಆಮೇಲೆ ತಮ್ಮ ಕೈಗಳನ್ನು ತಾವೇ ನೋಡಿಕೊಂಡು ಗರ ಬಡಿದವರಂತೆ ನಿಂತರು.

“ಆತಲ್ರೀ ಕಾಕು, ನೀವೂ ತುಂಬಿದಂಗಾತು” ಅಂದೆ. ಅವರು ನಗಲಿಲ್ಲ. ಯಜಮಾನಿ ಏನೂ ಅರ್ಥವಾಗದೆ ಅವರ ಹೆಗಲು ತಬ್ಬಿಕೊಂಡಳು. ಮಡಿ ಹೆಂಗಸು ಕಾಕು, ಬಿಡಿಸಿಕೊಳ್ಳಲಿಲ್ಲ.

ಅಲ್ಲಿಂದ ಹೆರಿಗೆಯವರೆಗೆ ಅವರು ಪಟ್ಟ ಪಾಡು ದೇವರಿಗೇ ಪ್ರೀತಿ. ನನಗೆ ಹಸಿವೆ ಕೆರಳಿತ್ತು, ಸಬ್ಬಸಿಗೆ ಹಾಕಿದ್ದನ್ನೆಲ್ಲ ಬಾಚಿ ತಿನ್ನುತ್ತಿದ್ದೆ, ಡಾಕ್ಟರಮ್ಮನ ತುಟಿ ಸಡಿಲಾಗಿತ್ತು. ಸೊರಗಿದವರು ಕಾಕು. ಶನಿವಾರ ಉಪವಾಸ, ಸೋಮವಾರ ಉಪವಾಸ. ಬೆಳಗಾದರೆ ಕೆಳಗಿನಿಂದಲೇ ಕೂಗು: “ಒದಿಯಾಕತ್ತೇದೇನ?” ಹೂಂ ಅಂದ ಮೇಲೆಯೇ ಅವರ ಚಹಾ. ಮಗಳು ಹುಟ್ಟಿದಳು, ಗುಂಡಗೆ, ಆಸ್ಪತ್ರೆ ಹಾರಿಹೋಗುವಂತೆ ಅಳುತ್ತ. ಕಾಕು ಬಾಗಿಲಲ್ಲೇ ನಿಂತಿದ್ದರು. ಒಳಗೆ ಕರೆದು ಕೂಸನ್ನು ತೊಡೆಯ ಮೇಲೆ ಹಾಕಿದೆ. ಕಿವಿ, ಮೂಗು, ಕಾಲು ಎಲ್ಲ ತಡವಿ ನೋಡಿ, ಅಲ್ಲಿದ್ದ ನರ್ಸಿಗೆ ಕೈಮುಗಿದು ‘ಥ್ಯಾಂಕ್ಯೂ’ ಅಂದರು. ಅದು ಬೈಗುಳದ್ದಾಗಿರಲಿಲ್ಲ.

ಮಗಳಿಗೆ ಎರಡು ತುಂಬುವ ಹೊತ್ತಿಗೆ ಕಾಕು ಊರಿಗೆ ಹೊರಟರು, ಮತ್ತೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ವಿಮಾನ ನಿಲ್ದಾಣದ ಗದ್ದಲದ ನಡುವೆ ಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು, “ಸೆರಗು ಹಿಡಿ” ಎಂದರು. ನಾನು ಪ್ಯಾಂಟು ತೊಟ್ಟಿದ್ದೆ. ಸ್ವೆಟರಿನ ಅಂಚು ಹಿಡಿದು ಒಡ್ಡಿದೆ. ಅಕ್ಕಿ ಸುರಿದರು, ಒಂದು ಕೊಬ್ಬರಿ ಬಟ್ಟಲು ಇಟ್ಟರು, ಅರಿಷಿಣದ ಕೊಂಬು ಇಟ್ಟರು. ಈ ಸಲ ಕೈ ಹಿಂದೆಗೆಯಲಿಲ್ಲ.

“ಆಕಿ ತುಂಬಿದ್ದು ಫಲಿಸೇದ. ನಾ ತುಂಬಿದ್ದ್ಯಾಕ ಫಲಿಸಬಾರದು?”

ಸುತ್ತ ಜನ ನೋಡುತ್ತಿದ್ದರು. ನೋಡಲಿ ಬಿಡಿ. ನಾನು ಸಣ್ಣ ಹುಡುಗಿಯ ಹಾಗೆ ಅತ್ತೆ.

ಕೆಲವು ವರ್ಷಗಳ ಮೇಲೆ ಅವರು ಹೋದ ಸುದ್ದಿ ಮಗನ ಫೋನಿನಲ್ಲಿ ಬಂತು. ಆ ಕ್ರೋ ಕೂಡ ಯಾವಾಗಲೋ ಮುಚ್ಚಿತು. ಈಗ ನಮ್ಮನೆಯವರೂ ಇಲ್ಲ. ಇಲ್ಲೀಗ ನಮ್ಮ ಹೆಂಗಸರಿಗೇನು ಬರವೇ? ಸರಟೋಗಾದ ದೊಡ್ಡ ದೊಡ್ಡ ಮನೆಗಳಲ್ಲಿ ಶ್ರಾವಣದ ಶುಕ್ರವಾರ ಉಡಿ ತುಂಬುತ್ತಾರೆ. ತಟ್ಟೆ ಸಾಲಾಗಿ ಬರುತ್ತದೆ, ನನ್ನ ಪಕ್ಕದಾಕೆಯವರೆಗೂ ಬಂದು, ನನ್ನನ್ನು ದಾಟಿ, ಮುಂದಿನಾಕೆಗೆ ಹೋಗುತ್ತದೆ. ಯಾರೂ ಕೆಟ್ಟವರಲ್ಲ, ನನಗೆ ನೋವಾದೀತೆಂದು ಅವರೇ ಕಣ್ಣು ತಪ್ಪಿಸುತ್ತಾರೆ. ನನಗೆ ಸಿಟ್ಟೇ ಬರುತ್ತದೆ. ಮನೆಗೆ ಬಂದು ಪಾತ್ರೆ ಕುಕ್ಕುತ್ತೇನೆ. ‘ಇಟ್ಸ್ ಜಸ್ಟ್ ರೈಸ್, ಅಮ್ಮಾ’ ಅನ್ನುತ್ತಾಳೆ ಮಗಳು. ಹೌದು, ಬರೀ ಅಕ್ಕಿಯೇ. ಕಾಕು ಇದ್ದಿದ್ದರೆ ತುಂಬುತ್ತಿದ್ದರು.