ಕಿನುಯೊಗೆ ಕೊಟ್ಟ ಮಾತು

ಫುಸಾಎ ಹಠಮಾರಿ ಎಂಬುದು ಕ್ಯಾನ್ಸಸ್‌ನ ನಮ್ಮ ಸೇನಾ ಛಾವಣಿಯ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಹಠವಿಲ್ಲದಿದ್ದರೆ ಅವಳು ಇಲ್ಲಿಗೆ ಬರುತ್ತಲೇ ಇರಲಿಲ್ಲ ಬಿಡಿ. ಜಪಾನ್ ಯುದ್ಧ ಸೋತು ಏಳು ವರ್ಷವಾಗಿತ್ತಷ್ಟೆ. ಗೆದ್ದವರ ಕಡೆಯ ಸೈನಿಕ ಹಾರ್ಲನ್‌ನನ್ನೇ ಮದುವೆಯಾಗುತ್ತೇನೆಂದು ಸಾಸೆಬೊ ಬಂದರಿನ ಮನೆಯಲ್ಲಿ ನಿಂತು ಹೇಳಿದಾಗ ಅವಳ ಅಪ್ಪ ಕೂಗಾಡಲಿಲ್ಲ. ಮನೆತನದ ದಾಖಲೆಯಿಂದ ಅವಳ ಹೆಸರು ತೆಗೆಸಿ ಬಂದ. "ನಿನ್ನ ಎಲುಬಿಗೆ ನಮ್ಮ ಗೋರೀಲಿ ಜಾಗ ಇಲ್ಲ" ಎಂದಷ್ಟೇ ಹೇಳಿ ಊಟಕ್ಕೆ ಕುಳಿತ.

ಹಾರ್ಲನ್ ಒಳ್ಳೆಯವನೇ. ಅವನ ತಾಯಿ ಮಾತ್ರ ಸೊಸೆ ಮುಟ್ಟಿದ ಪಾತ್ರೆಯನ್ನು ಮತ್ತೊಮ್ಮೆ ತೊಳೆಯುತ್ತಿದ್ದಳು, ಅದೂ ಸೊಸೆಯ ಕಣ್ಣೆದುರೇ. ಮನೆಯಲ್ಲಿ ಉಸಿರು ಕಟ್ಟಿದಂತಾಗಿ ಫುಸಾಎ ಛಾವಣಿಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಹಿಡಿದಳು. ಪಕ್ಕದ ಮೇಜಿನಲ್ಲಿ ಕಿನುಯೊ ಇದ್ದಳು. ಅವಳೂ ಸೈನಿಕನ ಹೆಂಡತಿ, ಅವಳೂ ಜಪಾನಿನವಳೇ, ಇವಳಿಗಿಂತ ಐದು ವರ್ಷ ದೊಡ್ಡವಳು. ಮೊದಲ ದಿನವೇ ಫುಸಾಎ ಅವಳನ್ನು ಅಕ್ಕ ಎಂದಳು. ಕಿನುಯೊ ಅದಕ್ಕೆ, "ಅಕ್ಕ ಅಂದ್ಬಿಟ್ಟು ನಿನ್ನ ಪಾಲಿನ ಕಾಲರ್ ಎಲ್ಲಾ ನನ್ನ ಕಡೆ ತಳ್ಳಬೇಡ" ಎಂದಿದ್ದಳು.

ಐದನೇ ವರ್ಷ ಅಣ್ಣನ ಕಾಗದ ಬಂತು. ನಾಲ್ಕೇ ಸಾಲು. ಅಮ್ಮ ಹೋಗಿ ನಲವತ್ತು ದಿನವಾಯಿತು, ಎಲ್ಲರೂ ಸೇರಿ ಎಲುಬು ಆಯ್ದೆವು ಎಂದಿತ್ತು. ಅಲ್ಲಿನ ಕ್ರಮವೇ ಹಾಗೆ. ಬೆಂಕಿ ಆರಿದ ಮೇಲೆ ಬಂಧುಗಳು ಇಬ್ಬಿಬ್ಬರಾಗಿ ನಿಂತು, ಊಟದ ಕಡ್ಡಿಗಳಂಥ ಉದ್ದ ಕಡ್ಡಿಗಳಿಂದ ಒಂದೇ ಎಲುಬನ್ನು ಇಬ್ಬರೂ ಹಿಡಿದು ಭರಣಿಗೆ ಹಾಕಬೇಕು. ಪಾದದ ಎಲುಬು ಮೊದಲು, ಗಂಟಲಿನದು ಕಟ್ಟಕಡೆಗೆ. ಹೆತ್ತ ಮಗಳ ಕೈ ತಾಗದೆ ಅಮ್ಮನ ಎಲುಬು ಭರಣಿ ಸೇರಿತ್ತು. ಫುಸಾಎ ಅಂದು ಯಾವನೋ ಕ್ಯಾಪ್ಟನ್ನನ ಪ್ಯಾಂಟನ್ನು ಸುಟ್ಟು ಕರಕಲು ಮಾಡಿದಳು. ಕಿನುಯೊ ಇಸ್ತ್ರಿಪೆಟ್ಟಿಗೆಯನ್ನು ಅವಳ ಕೈಯಿಂದ ಕಿತ್ತಿಟ್ಟಳು.

"ನನ್ನನ್ನ ಯಾರು ಆಯ್ತಾರೆ ಅಕ್ಕ?" ಎಂದು ಫುಸಾಎ ಕೇಳಿದಳು. "ಹಾರ್ಲನ್‌ಗೆ ಕಡ್ಡೀಲಿ ಅನ್ನ ಎತ್ತಕ್ಕೇ ಬರಲ್ಲ."

"ನಾನಿಲ್ವೇನೇ? ನಾನು ಮೊದಲು ಹೋದ್ರೆ ನೀನು ಆಯಿ. ಆದ್ರೆ ನಿನ್ನ ಕೈ ನಡುಗುತ್ತೆ. ನನ್ನ ಮೂಳೆ ನೆಲಕ್ಕೆ ಬೀಳಿಸಿದ್ಯೋ, ದೆವ್ವ ಆಗಿ ಬಂದು ಜುಟ್ಟು ಹಿಡೀತೀನಿ."

ನಗುತ್ತಾ ಆಡಿದ ಮಾತೇ ಇರಬಹುದು. ಫುಸಾಎಗೆ ಮಾತ್ರ ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ ಉಳಿಯಿತು. ಅಮ್ಮನಿಗೆ ಮಾಡಲಾಗದ್ದನ್ನು ಅಕ್ಕನಿಗಾದರೂ ಮಾಡಲೇಬೇಕು. ಮುಂದೆ ಮೂವತ್ತು ವರ್ಷ, ಇಬ್ಬರ ಗಂಡಂದಿರೂ ಮಣ್ಣು ಸೇರಿದ ಮೇಲೂ, ಅವಳು ಆ ಮಾತನ್ನು ಬಿಡಲಿಲ್ಲ.

ಎಂಬತ್ತೇಳರ ಫೆಬ್ರವರಿಯಲ್ಲಿ ಕಿನುಯೊ ಮಲಗಿದಲ್ಲೇ ಹೋದಳು. ಮಗ ಲೆನರ್ಡ್ ಟ್ರಕ್ ಮೆಕ್ಯಾನಿಕ್, ತಾಯಿ ಎಂದರೆ ಜೀವ ಬಿಡುತ್ತಿದ್ದವನು. ಹೂಳುವುದಕ್ಕೆ ಎಲ್ಲಾ ಏರ್ಪಾಟು ಮಾಡಿಕೊಂಡಿದ್ದ.

"ಅಪ್ಪನ ಪಕ್ಕ ಜಾಗ ಇದೆ ಆಂಟಿ. ಪಾದ್ರಿಗೂ ಹೇಳಿ ಆಯ್ತು."

"ಹೇಳಿದ ಬಾಯಲ್ಲೇ ಬೇಡ ಅಂತಾನೂ ಹೇಳಬಹುದು. ನಿಮ್ಮಮ್ಮಂಗೆ ಬೆಂಕಿ ಆಗಬೇಕು ಕಣೋ. ನನಗೆ ಮಾತು ಕೊಟ್ಟಿದ್ಲು, ನಾನೂ ಕೊಟ್ಟಿದೀನಿ."

"ಅಮ್ಮ ನನ್ನ ಹತ್ರ ಒಂದಿನಾನೂ ಹೇಳಿಲ್ವಲ್ಲ."

"ನೀನು ಅವಳ ಭಾಷೆ ಕಲಿತಿದ್ರೆ ಹೇಳ್ತಿದ್ಲು."

ಚುಚ್ಚುಮಾತು ಅದು, ಆಡಬಾರದಿತ್ತು. ಲೆನರ್ಡ್ ಮುಖ ಬಾಡಿತು. ಆ ಮನೆಯಲ್ಲಿ ಜಪಾನಿ ಮಾತು ಕಿವಿಗೆ ಬೀಳಕೂಡದೆಂದು ಅಪ್ಪ ಕಟ್ಟಳೆ ಮಾಡಿದ್ದ. ಅದರಲ್ಲಿ ಹುಡುಗನ ತಪ್ಪೇನಿತ್ತು? ಎರಡು ದಿನ ಎಳೆದಾಡಿ ಕೊನೆಗೆ ಅವನೇ ಸೋತ. "ಆಯ್ತು ಆಂಟಿ. ಆಯೋದಕ್ಕೆ ಇಬ್ಬರು ಬೇಕು ಅಂದ್ರಲ್ಲ, ನಾನೂ ನಿಲ್ತೀನಿ. ಕಡ್ಡಿ ಹಿಡಿಯೋದು ಹೇಳ್ಕೊಡಿ" ಎಂದ. ಫುಸಾಎಯ ಅಡುಗೆಮನೆಯಲ್ಲಿ ಕುಳಿತು, ಗ್ರೀಸ್ ಮೆತ್ತಿದ ದಪ್ಪ ಬೆರಳುಗಳಲ್ಲಿ ಕಡಲೆಕಾಯಿ ಬೀಜ ಎತ್ತುವುದನ್ನು ಇಡೀ ಮಧ್ಯಾಹ್ನ ಅಭ್ಯಾಸ ಮಾಡಿದ. ಎತ್ತಿದ್ದಕ್ಕಿಂತ ಬೀಳಿಸಿದ್ದೇ ಹೆಚ್ಚು. ಫುಸಾಎಗೆ ಅವನ ಮೇಲೆ ಮುದ್ದು ಉಕ್ಕಿ ಬಂತು.

ಸುಟ್ಟ ಮಾರನೆಯ ದಿನ ಇಬ್ಬರೂ ಅಂತ್ಯಕ್ರಿಯೆ ನಡೆಸುವವರ ಕಚೇರಿಗೆ ಹೋದರು. ಫುಸಾಎ ಕಪ್ಪು ಕಿಮೊನೊ ಉಟ್ಟಿದ್ದಳು. ಕೈಚೀಲದಲ್ಲಿ ಬಿಳಿ ಭರಣಿಯೂ ಎರಡು ಜೊತೆ ಉದ್ದ ಕಡ್ಡಿಗಳೂ ಇದ್ದವು. ಅಲ್ಲಿನವನು ಮರ್ಯಾದೆಯಿಂದ ಕುರ್ಚಿ ಕೊಟ್ಟು, ಒಳಗಿನಿಂದ ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಅದರೊಳಗೆ ಒಂದು ಪ್ಲಾಸ್ಟಿಕ್ ಚೀಲ. ಚೀಲದ ತುಂಬ ಬೂದುಬಣ್ಣದ ನಯವಾದ ಪುಡಿ.

"ಎಲುಬು ಎಲ್ಲಿ?" ಎಂದಳು ಫುಸಾಎ.

"ಇದೇ ಮೇಡಂ. ಉಳಿದಿದ್ದನ್ನ ಯಂತ್ರಕ್ಕೆ ಹಾಕಿ ಪುಡಿ ಮಾಡಿ ಕೊಡ್ತೀವಿ. ಇಲ್ಲಿ ಎಲ್ಲರಿಗೂ ಹಾಗೇ ಮಾಡೋದು. ಬೇಡ ಅಂತ ಮೊದಲೇ ಹೇಳಿದ್ರೆ ಹಾಗೇ ಇಡ್ತಿದ್ವಿ."

ಫುಸಾಎ ಮೂವತ್ತೈದು ವರ್ಷ ಈ ಊರಿನ ನೀರು ಕುಡಿದಿದ್ದಳು. ಇಲ್ಲಿ ಸತ್ತವರನ್ನೆಲ್ಲ ಹೂಳಿದ್ದನ್ನಷ್ಟೇ ನೋಡಿದ್ದಳು, ಸುಟ್ಟದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಸುಟ್ಟರೆ ಎಲುಬು ಉಳಿಯುತ್ತದೆ, ಉಳಿದದ್ದನ್ನು ಮನೆಯವರ ಕೈಗೆ ಕೊಡುತ್ತಾರೆ, ಇದರಲ್ಲಿ ಕೇಳುವುದೇನಿದೆ, ಹೇಳುವುದೇನಿದೆ?

"ಫಾರಂನಲ್ಲಿ ಕೇಳಿದ್ರು ಆಂಟಿ, ವಿಶೇಷ ಬೇಡಿಕೆ ಇದ್ರೆ ಬರೀರಿ ಅಂತ" ಎಂದ ಲೆನರ್ಡ್. "ಏನೂ ಇಲ್ಲ ಅಂತ ಬರೆದುಬಿಟ್ಟೆ. ನಂಗೆ ಗೊತ್ತಿರಲಿಲ್ಲ."

ಫುಸಾಎ ಚೀಲ ಬಿಚ್ಚಿ, ಕಡ್ಡಿ ತೆಗೆದು ಪುಡಿಯೊಳಗೆ ಕೆದಕಿದಳು. ಲೆನರ್ಡ್ ಇನ್ನೊಂದು ಜೊತೆ ಹಿಡಿದು, ಕಲಿತ ಹಾಗೆಯೇ ಬೆರಳು ಮಡಿಸಿ ಅವಳ ಎದುರು ನಿಂತ. ಪಾದವೂ ಸಿಗಲಿಲ್ಲ, ಗಂಟಲೂ ಸಿಗಲಿಲ್ಲ. ಇಬ್ಬರು ಹಿಡಿಯುವುದಿರಲಿ, ಒಬ್ಬರು ಹಿಡಿಯುವಷ್ಟು ಚೂರೂ ಇರಲಿಲ್ಲ. ಕಚೇರಿಯವನು ಪಾಪ, ತಲೆ ತಗ್ಗಿಸಿ ಹೊರಗೆ ಹೋದ.

ಕಡೆಗೆ ಅವಳು ಕಡ್ಡಿ ಕೆಳಗಿಟ್ಟಳು. "ನೀನು ಸರಿಯಾಗೇ ಹೇಳಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ರೆ ನಿಮ್ಮಮ್ಮ ಇಡಿಯಾಗಿ ನಿಮ್ಮಪ್ಪನ ಪಕ್ಕ ಮಲಗಿರ್ತಿದ್ಲು. ಅಕ್ಕನ್ನ ನಾನೇ ಪುಡಿ ಮಾಡಿಸಿಬಿಟ್ಟೆ ಕಣೋ."

ಲೆನರ್ಡ್ ಚೀಲದ ಬಾಯಿ ಕಟ್ಟಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದ. ಟ್ರಕ್ಕಿನಲ್ಲಿ ಅದನ್ನು ಇಬ್ಬರ ನಡುವೆ ಇಟ್ಟು, ಉರುಳದಂತೆ ಒಂದು ಕೈ ಅದರ ಮೇಲೇ ಇಟ್ಟುಕೊಂಡು ಗಾಡಿ ಓಡಿಸಿದ. ಫುಸಾಎಗೆ ಆ ಕೈ ನೋಡಲಾಗಲಿಲ್ಲ. ಅವಳ ಮನೆಯ ಮುಂದೆ ಗಾಡಿ ನಿಂತರೂ ಇಳಿಯಲಿಲ್ಲ.

"ಲೆನರ್ಡ್, ನಮ್ಮ ಮಾರ್ಲಾಗೆ ಒಂದು ಮಾತು ಹೇಳ್ತೀಯಾ?" ಎಂದಳು. "ನಾನು ಸತ್ತ ಮೇಲೆ ನನ್ನನ್ನ ಹಾರ್ಲನ್ ಪಕ್ಕ ಹೂಳಬೇಕು. ಸುಡೋದು ಬೇಡ."

"ನಿಮ್ಮ ಮಗಳಿಗೆ ನೀವೇ ಹೇಳಬಹುದಲ್ಲ ಆಂಟಿ?"

"ಸುಡಲೇಬೇಕು ಅಂತ ಅವಳ ಹತ್ರ ಎಷ್ಟು ವರ್ಷದಿಂದ ಆಣೆ ಹಾಕಿಸಿಕೊಂಡಿದೀನಿ" ಎಂದಳು ಫುಸಾಎ. "ಈಗ ಬೇಡ ಅಂದ್ರೆ, ಯಾಕಮ್ಮಾ ಅಂತಾಳೆ. ಏನಂತ ಹೇಳಲಿ?"