ದಿವೇ ಘಾಟ್ ಯಾವ ಕಿಟಕಿಗೆ?

ಮೇಲಿನ ಮನೆಯ ಸುಶೀಲಾಬಾಯಿ ಈಗ ತಾನೇ ಬಂದು ನನ್ನ ಮೂಗಿನ ಕೆಳಗೆ ಮೊಬೈಲ್ ಹಿಡಿದಿದ್ದಾರೆ. ಪರದೆಯ ತುಂಬ ಸೀಟುಗಳ ಪುಟ್ಟ ಪುಟ್ಟ ಹಸಿರು ಚೌಕ. "ಬೆಂಗಳೂರಿಗೆ ಹೊಂಟೀನ್ರಿ ಅಣ್ಣಾ, ಯಾವ ಕಡೆ ಕೂಡ್ಲಿ?" ಈ ಹೊತ್ತಿಗೆ ನನ್ನಷ್ಟು ಸುಖಿ ಪುಣೆಯಲ್ಲಿ ಇನ್ನೊಬ್ಬನಿಲ್ಲ. ಸಲಹೆ ಕೇಳಿದರೆ ಊಟ ಬಿಟ್ಟು ಏಳುವವನು ನಾನು. ಕೇಳದಿದ್ದರೂ ಏಳುತ್ತೇನೆ, ಅದು ಬೇರೆ ಮಾತು.

ನೀವೂ ಕೇಳಿಕೊಳ್ಳಿ, ಪುಕ್ಕಟೆ. ಮುಂಜಾನೆ ಬೆಂಗಳೂರಿಗೆ ಹಾರುವವರು ಬಲಕ್ಕೆ ಕೂಡಬೇಕು, ಬಿಸಿಲು ಎಡಕ್ಕೆ ಹೊಡೆಯುತ್ತದೆ. ರೆಕ್ಕೆಯ ಮೇಲಿನ ಸಾಲು ಮಾತ್ರ ಬೇಡ. ಆಕಾಶಕ್ಕೆ ಹೋಗಿ ತಗಡು ನೋಡಿ ಬಂದಂತಾಗುತ್ತದೆ. ಇಷ್ಟು ಜ್ಞಾನ ನನಗೆ ಬಂದದ್ದು ಹೋದ ವರ್ಷ, ಅಕ್ಕನ ದೆಸೆಯಿಂದ.

ನಾನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತು, ಆಮೇಲೆ ಅದೇ ಚೀಲ ಮಾರಿ ಮೇಲೆ ಬಂದವನು. ನನಗೆ ಬುತ್ತಿ ಕಟ್ಟಿದ ಅಕ್ಕನ ಗಳಿಕೆ ಬೇರೆ: ಪ್ರತಿ ವರ್ಷ ವಾರಿ ಎಂಬ ಪಾದಯಾತ್ರೆಯ ಜನರೊಡನೆ, ಸಂತರ ಪಾದುಕೆ ಹೊತ್ತ ಪಾಲಖಿಯ ಹಿಂದೆ ನಡೆದು, ದಿವೇ ಘಾಟಿನ ಬೆಟ್ಟದ ದಾರಿ ಏರಿ ಸಾಸವಡ ಊರು ಮುಟ್ಟುವುದು. ಒಂದು ವರ್ಷವೂ ತಪ್ಪಿಸಿರಲಿಲ್ಲ. ಹೋದ ವರ್ಷ ಮೊಣಕಾಲು ಕೈಕೊಟ್ಟವು. ನಡೆಯಬೇಡಿ, ಗದ್ದಲದಲ್ಲಿ ನಿಲ್ಲಲೂ ಬೇಡಿ ಎಂದರು ಡಾಕ್ಟರು. ಟಿವಿಯಲ್ಲಿ ನೋಡು ಎಂದರೆ ಅಕ್ಕ ಮುಖ ತಿರುಗಿಸಿದಳು. ವಾರಿ ಮುರಿಯಿತು ಎಂದು ಊಟದ ತಟ್ಟೆ ಸರಿಸಿ ಏಳುತ್ತಿದ್ದಳು.

ಬೆಂಗಳೂರಿನಲ್ಲಿ ನನಗೊಂದು ವ್ಯಾಪಾರದ ಕೆಲಸವಿತ್ತು. ಅಕ್ಕ ಮೇಲಿನಿಂದಲಾದರೂ ನೋಡಲಿ ಎಂದು, ಪಾಲಖಿ ಘಾಟ್ ಏರುವ ಮಧ್ಯಾಹ್ನದ ವಿಮಾನಕ್ಕೇ ಇಬ್ಬರಿಗೂ ಟಿಕೀಟು ತೆಗೆದೆ.

"ಪಾದುಕಾ ಕೆಳಗ, ನನ್ನ ಕಾಲು ಮ್ಯಾಲ! ತಲಿ ಅದನೋ ಇಲ್ಲೋ ನಿನಗ?" ಎಂದಳು ಅಕ್ಕ.

"ಚಪ್ಪಲಿ ಬಿಟ್ಟು ಕೂಡು, ಆತು."

ಸೀಟು ಎಡಕ್ಕೆ ಹಿಡಿದಿದ್ದೆ. ಲಾರಿಯಲ್ಲಿ ಬೆಂಗಳೂರಿನ ದಾರಿ ಎಷ್ಟು ಸಲ ತಿರುಗಿದ್ದೇನೋ. ಕಾತ್ರಜ ದಾಟಿದರೆ ಸಾಸವಡ ಎಡಕ್ಕೇ ಉಳಿಯುತ್ತದೆ. ವಿಮಾನವೂ ಒಂದು ಲಾರಿಯೇ ಎಂದು ನನ್ನ ಲೆಕ್ಕ. ಹೊರಡುವ ದಿನ ನಿಲ್ದಾಣದ ಪಕ್ಕದ ವಿಮಾನ ನಗರದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ, ಸಾಂಬಾರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಅಕ್ಕನಿಗೆ ದಾರಿ ಬರೆಯಹೋದೆ. ಬೆರಳು ನಡುವೆಯೇ ನಿಂತಿತು. ವಿಮಾನ ಮಾರ್ಕೆಟ್ ಯಾರ್ಡಿನಿಂದ ಹೊರಡುವುದಿಲ್ಲವಲ್ಲ! ಊರಿನ ಈಚೆ, ಪೂರ್ವದ ತುದಿಯಿಂದ ಏರಿ, ಘಾಟಿಗೂ ಪೂರ್ವದಲ್ಲೇ ದಕ್ಷಿಣಕ್ಕೆ ಹೊರಳುತ್ತದೆ. ಘಾಟ್ ಬಲಕ್ಕೆ!

"ಯಾಕೋ, ಮಾರಿ ಹಂಗ್ಯಾಕ ಮಾಡಿದಿ?"

"ಖಾರ ಹತ್ತಿತು."

"ಮೆಣಸಿನಕಾಯಿ ಮಾರಾವಗ ಖಾರ!" ಎಂದು ನಕ್ಕಳು. ಆ ವಾರದಲ್ಲಿ ಆಕೆ ನಕ್ಕದ್ದು ಅದೇ ಮೊದಲು. ಈಗ ಹಿಂದೆ ಸರಿಯುವ ಮಾತೇ ಇರಲಿಲ್ಲ.

ವಿಮಾನದಲ್ಲಿ ನಮ್ಮ ಸಾಲಿನ ಬಲಗಡೆ ಕಿಟಕಿಗೆ ಬೆಂಗಳೂರು ಕಡೆಯ ಐಟಿ ಹುಡುಗನೊಬ್ಬ ಕೂತಿದ್ದ. ಚೌಕಾಸಿಯ ಮೊದಲ ಪಾಠ: ನಮ್ಮ ಗರಜು ತೋರಿಸಬಾರದು, ಅವರ ಲಾಭ ತೋರಿಸಬೇಕು.

"ತಮ್ಮಾ, ಈ ಕಡೆ ಬಿಸಿಲು ಭಾಳ. ನಮ್ಮ ಕಿಟಕಿ ತಗೋ, ತಂಪಗ ಅದ."

ಅವನು ಹೊರಗೆ ನೋಡಿದ. "ಬಿಸಿಲೆಲ್ಲಿ ಅಂಕಲ್? ಫುಲ್ ಮೋಡ ಇದೆ. ಇಳಿಯುವಾಗ ನಮ್ಮೂರ ಕೆರೆ ಈ ಕಡೆ ಕಾಣುತ್ತೆ, ಅದಕ್ಕೇ ಈ ಸೀಟ್ ತಗೊಂಡಿರೋದು."

ನನ್ನಂಥ ಇನ್ನೊಬ್ಬ! ಆದರೆ ಚೀಲ ಕೊಡದವನ ಹತ್ತಿರ ಬೊಗಸೆ ಕೇಳಬೇಕು ಎಂಬುದು ಎರಡನೆಯ ಪಾಠ. "ಹಂಗಾದ್ರ ಇಳಿಯೋದು ನಿನಗ, ಏರೋದು ನಮ್ಮ ಅಕ್ಕಗ. ಅಲ್ಲಿ ಕೆಳಗ ಪಾಲಖಿ ಹೊಂಟದ. ಈ ಸಲ ಆಕೀಗೆ ನಡಿಯಾಕ ಆಗಿಲ್ಲ."

ಅವನು ಅಕ್ಕನ ಮೊಣಕಾಲಿನ ಪಟ್ಟಿ ನೋಡಿದ. "ಡೀಲ್ ಅಂಕಲ್," ಎಂದು ಖಾಲಿಯಿದ್ದ ನಡುವಿನ ಸೀಟಿಗೆ ಸರಿದುಕೊಂಡ.

ವಿಮಾನ ಏರಿತು. ಕಿಟಕಿಯಲ್ಲಿ ಬರೀ ಹಿಂಜಿದ ಹತ್ತಿ. ಮೋಡದ ಜೊತೆ ಯಾವ ಚೌಕಾಸಿ ಮಾಡುವುದು? ಅಕ್ಕನ ಕೈ ಮುಂದಿನ ಸೀಟನ್ನು ಬಿಗಿಹಿಡಿದಿತ್ತು. ಅಷ್ಟರಲ್ಲಿ ವಿಮಾನ ಬಲಕ್ಕೆ ವಾಲಿತು, ಮೋಡ ಹರಿಯಿತು.

"ಅಜ್ಜೀ, ಅಲ್ಲಿ! ಬೆಟ್ಟದ ಮೇಲೆ ಬಿಳೀ ಗೆರೆ ಥರ!" ಎಂದ ಹುಡುಗ.

"ಗೆರಿ ಅಲ್ಲಪ್ಪಾ, ನಮ್ಮ ಮಂದಿ! ಮುಂದಿನವ್ರು ಕಡೀ ತಿರುವು ಏರ್ಯಾರ ನೋಡು!" ಅಕ್ಕ ಗಾಜಿಗೆ ಹಣೆ ಹಚ್ಚಿ ಕೈಮುಗಿದಳು. ಆಚೆ ಸಾಲಿನಿಂದ ನಾನು ಎಷ್ಟು ಕತ್ತು ಚಾಚಿದರೂ ಕಂಡದ್ದು ಆಕೆಯ ತುರುಬು ಮತ್ತು ಚಪ್ಪಲಿ ಬಿಟ್ಟ ಬರಿಗಾಲು. ಇಡೀ ವಿಮಾನದಲ್ಲಿ ನನಗೆ ಸಿಕ್ಕಷ್ಟು ಒಳ್ಳೆಯ ನೋಟ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಇಳಿಯುವ ಮೊದಲೇ, ಅವನು ಬೇಡವೆಂದರೂ, ಅಕ್ಕ ಎದ್ದು ಕಿಟಕಿ ಬಿಟ್ಟುಕೊಟ್ಟಳು. ಕೆರೆ ಕಂಡಾಗ ಅದಕ್ಕೂ ಒಮ್ಮೆ ಕೈಮುಗಿದಳು.

ಸುಶೀಲಾಬಾಯಿಗೆ ಇದನ್ನೆಲ್ಲ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೇನೆ. ಅವರು ಅಷ್ಟರಲ್ಲಿ ಅಕ್ಕನ ಕಡೆ ತಿರುಗಿ, "ಹೋದ ವರ್ಷ ನಿಮ್ಮ ವಾರಿ ತಪ್ಪಿತಲ್ರೀ, ಪಾಪ," ಎಂದರು.

"ಯಾರು ಹೇಳಿದ್ರು?" ಮೆಂತ್ಯ ಸೊಪ್ಪು ಸೋಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. "ಹೋಗಿದ್ದೆ. ಒಂಚೂರು ಮ್ಯಾಲಿಂದ."

ನಾನು ಸುಶೀಲಾಬಾಯಿಯ ಮೊಬೈಲನ್ನು ಅಕ್ಕನ ಮುಂದಿಟ್ಟೆ. ಸೀಟು ಆಕೆಯೇ ಆರಿಸಲಿ.